ಆಲ್‌-ಇನ್‌-ಒನ್ ತಗೊಂಡ್ರೆ ಯುಪಿಎಸ್ ಖರ್ಚು ಉಳಿಯುತ್ತಾ?

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನಮ್ಮದು ಲಗ್ನಪತ್ರಿಕೆ ಮಾಡಿಕೊಡೋ ಸಣ್ಣ ಅಂಗಡಿ. ಕೌಂಟರಿನಲ್ಲಿ ಜಾಗ ಕಡಿಮೆ. 27 ಇಂಚಿನ ಆಲ್‌-ಇನ್‌-ಒನ್ ಕಂಪ್ಯೂಟರ್ ತಗೋಬೇಕಂತ ಇದೀವಿ, ಪರದೆಯೊಳಗೇ ಕಂಪ್ಯೂಟರ್ ಇರ್ತದಲ್ಲ, ಅದು. ಅದು ಒಳ್ಳೇದೋ, ಸಿಪಿಯು ಡಬ್ಬಿ ಇರೋ ಸಾದಾ ಡೆಸ್ಕ್‌ಟಾಪೇ ಒಳ್ಳೇದೋ? ಹೆಂಗೂ ಅದರಾಗ ಬ್ಯಾಟರಿ ಇರ್ತದಲ್ಲ, ಯುಪಿಎಸ್ ರೊಕ್ಕ ಉಳೀತದ.

ಉತ್ತರ: ನಿಮ್ಮ ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನವನಗರದ ಅಂಗಡಿಯವರು ಕೇಳುತ್ತಾರೆ. ಇಳಕಲ್ಲಿನ ಸೀರೆ ವ್ಯಾಪಾರಿಗಳು ಕೇಳುತ್ತಾರೆ. ರಬಕವಿ-ಬನಹಟ್ಟಿಯಿಂದ ಫೋನ್ ಬರುತ್ತದೆ. ನನ್ನ ಟ್ಯಾಲಿ ಕ್ಲಾಸಿನಲ್ಲಿ ಪ್ರತಿ ಬ್ಯಾಚಿಗೂ ಒಬ್ಬರಾದರೂ ಕೇಳುತ್ತಾರೆ. ಉತ್ತರ ಒಂದೇ. ನಮ್ಮ ಅಂಗಡಿಗಳಲ್ಲಿ ಸಿಗುವ ಆಲ್‌-ಇನ್‌-ಒನ್ ಕಂಪ್ಯೂಟರಿನಲ್ಲಿ ಅದನ್ನು ನಡೆಸುವಂಥ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಯಿತು ಅಂದರೆ ಅದೂ ಹೋಯಿತು.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. "ಇಲ್ರಿ ಸರ್, ಅಂಗಡಿಯವರೇ ಹೇಳ್ಯಾರ" ಅನ್ನುತ್ತಾರೆ. ಅದಕ್ಕೇ ಈ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಒಂದೊಂದೇ ಬಿಡಿಸಿ ಹೇಳುತ್ತೇನೆ.

ಮೊದಲನೇ ಕಾರಣ ಅಡಾಪ್ಟರ್. ಎಷ್ಟೋ ಆಲ್‌-ಇನ್‌-ಒನ್ ಜೊತೆ ಲ್ಯಾಪ್‌ಟಾಪಿಗೆ ಬರುವಂಥದ್ದೇ ಕರೀ ಅಡಾಪ್ಟರ್ ಬರುತ್ತದೆ. ನಾವೆಲ್ಲ ಅದನ್ನು 'ಚಾರ್ಜರ್' ಅಂತ ಕರೆಯುತ್ತೇವೆ. ತಪ್ಪು ಹುಟ್ಟುವುದೇ ಆ ಹೆಸರಿನಲ್ಲಿ. ಚಾರ್ಜರ್ ಇದೆ ಅಂದಮೇಲೆ ಚಾರ್ಜ್ ಆಗುವಂಥದ್ದು ಒಳಗೆ ಇರಲೇಬೇಕಲ್ವಾ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಅಡಾಪ್ಟರಿನ ಕೆಲಸ ಚಾರ್ಜ್ ಮಾಡುವುದಲ್ಲ. ಗೋಡೆಯಿಂದ ಬರುವ 230 ವೋಲ್ಟ್ ಎ.ಸಿ. ಕರೆಂಟನ್ನು 19-20 ವೋಲ್ಟಿನ ಡಿ.ಸಿ. ಮಾಡಿ ಕೊಡುವುದು, ಅಷ್ಟೇ. ಅದನ್ನು ಹೊರಗೆ ಇಟ್ಟರೆ ಅದರ ಬಿಸಿ ಹೊರಗೇ ಉಳಿಯುತ್ತದೆ, ಕಂಪ್ಯೂಟರನ್ನು ತೆಳ್ಳಗೆ ಮಾಡಬಹುದು. 2021ರಲ್ಲಿ ಬಂದ 24 ಇಂಚಿನ ಆಪಲ್ ಐಮ್ಯಾಕ್ ಅನ್ನುವ ಆಲ್‌-ಇನ್‌-ಒನ್ ದಪ್ಪ ಬರೀ 11.5 ಮಿಲಿಮೀಟರ್. ಅದರ ಅಡಾಪ್ಟರೂ ಹೊರಗೇ ಇದೆ. ಬ್ಯಾಟರಿ ಅದರಲ್ಲೂ ಇಲ್ಲ. ಅಷ್ಟು ದೂರ ಯಾಕೆ, ನಿಮ್ಮ ಮನೆಯ ಸೆಟ್‌ಟಾಪ್ ಬಾಕ್ಸಿಗೂ ಅಡಾಪ್ಟರ್ ಇದೆ, ವೈಫೈ ರೌಟರಿಗೂ ಇದೆ. ಕರೆಂಟ್ ಹೋದಾಗ ಅವು ಏನಾಗುತ್ತವೆ ಅಂತ ದಿನಾ ನೋಡುತ್ತೀರಿ.

ಎರಡನೇದು, "ಅದರಲ್ಲಿರೋದು ಲ್ಯಾಪ್‌ಟಾಪ್ ಸಾಮಾನೇ" ಅನ್ನುವ ಮಾತು. ಇದು ಬಹಳಷ್ಟು ನಿಜ. ಹೆಚ್ಚಿನ ವಿಂಡೋಸ್ ಆಲ್‌-ಇನ್‌-ಒನ್‌ಗಳಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರ್, ಲ್ಯಾಪ್‌ಟಾಪಿನ ಸಣ್ಣ ರ್‍ಯಾಮ್ ಪಟ್ಟಿಯೇ ಇರುತ್ತದೆ. ಆದರೆ ಲ್ಯಾಪ್‌ಟಾಪಿನಿಂದ ಪ್ರೊಸೆಸರ್ ತಂದರು ಅಂದಮಾತ್ರಕ್ಕೆ ಬ್ಯಾಟರಿಯನ್ನೂ ತಂದರು ಅಂತಾಗುವುದಿಲ್ಲ.

ಮೂರನೇದು ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು. ಒಬ್ಬರು ವಿವರದ ಹಾಳೆಯನ್ನೇ ತಂದು ತೋರಿಸಿದರು. "ನೋಡ್ರಿ, ಬ್ಯಾಟರಿ ಅಂತ ಬರದಾರ." ಬರೆದಿದ್ದು ಹೌದು. ಅದು ಸಿಆರ್ 2032 ಅನ್ನುವ ನಾಣ್ಯದಂಥ ಸೆಲ್. ಪ್ರತಿ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರ ನಡೆಯುತ್ತಿರಲಿ, ತಾರೀಖು ಮರೆಯದಿರಲಿ ಅಂತ. ಅದು 3 ವೋಲ್ಟಿನದು. ಅದರೊಳಗಿನ ಶಕ್ತಿ ಒಂದು ವ್ಯಾಟ್-ಅವರ್ ಕೂಡ ಇಲ್ಲ, ಅಂದರೆ ಒಂದು ವ್ಯಾಟ್ ಎಳೆಯುವ ಸಾಮಾನನ್ನು ಒಂದು ಗಂಟೆ ನಡೆಸುವಷ್ಟೂ ಇಲ್ಲ. 27 ಇಂಚಿನ ಯಂತ್ರವೊಂದು ಸಾದಾ ಕೆಲಸಕ್ಕೆ 50 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಆ ಸೆಲ್ಲಿನ ಶಕ್ತಿಯನ್ನೆಲ್ಲ ಒಟ್ಟಿಗೆ ಹಿಂಡಿದರೂ ಒಂದು ನಿಮಿಷಕ್ಕೆ ಸಾಕಾಗುವುದಿಲ್ಲ. ಅಷ್ಟು ಕರೆಂಟನ್ನು ಒಮ್ಮೆಲೇ ಕೊಡುವ ತಾಕತ್ತೂ ಅದಕ್ಕಿಲ್ಲ.

ನಾಲ್ಕನೇದು ಕಣ್ಣಾರೆ ಕಂಡ ಸಾಕ್ಷಿ. ಅದನ್ನು ಅಳಿಸುವುದು ಎಲ್ಲಕ್ಕಿಂತ ಕಷ್ಟ. ನನಗೆ ಪರಿಚಯದ ಒಬ್ಬರು ಶೋರೂಮಿನಲ್ಲಿ ನಿಂತಿದ್ದಾಗಲೇ ಕರೆಂಟ್ ಹೋಯಿತಂತೆ. ಟ್ಯೂಬ್‌ಲೈಟ್ ಆರಿತು, ಎ.ಸಿ. ನಿಂತಿತು, ಮೇಜಿನ ಮೇಲಿನ ಆಲ್‌-ಇನ್‌-ಒನ್ ಮಾತ್ರ ಹಾಗೇ ಬೆಳಗುತ್ತಿತ್ತು. ಇನ್ನೇನು ಬೇಕು ನಂಬಲಿಕ್ಕೆ? ಅಲ್ಲೇ ದುಡ್ಡು ಕೊಟ್ಟು ತಂದರು. ಶೋರೂಮಿನ ಕಂಪ್ಯೂಟರುಗಳ ಲೈನ್ ಯುಪಿಎಸ್ ಮೇಲೆ ಇರುತ್ತದೆ, ಲೈಟು-ಎ.ಸಿ.ಯ ಲೈನ್ ಬೇರೆ. ಅವರು ನೋಡಿದ್ದು ಕಂಪ್ಯೂಟರಿನ ಬ್ಯಾಟರಿಯನ್ನಲ್ಲ, ಶೋರೂಮಿನ ಬ್ಯಾಟರಿಯನ್ನು. ಮನೆಗೆ ತಂದ ಮೂರನೇ ದಿನ ಅವರ ಲೆಕ್ಕದ ಫೈಲ್ ಅರ್ಧಕ್ಕೆ ನಿಂತಿತು. ಅವತ್ತು ನನ್ನ ಹತ್ತಿರ ಬಂದರು.

ಬ್ಯಾಟರಿ ಇರುವ ಆಲ್‌-ಇನ್‌-ಒನ್ ಜಗತ್ತಿನಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2012ರಲ್ಲಿ ಸೋನಿಯವರು ವಾಯೋ ಟ್ಯಾಪ್ 20 ಅಂತ ತಂದಿದ್ದರು, 20 ಇಂಚಿನದು, ಬ್ಯಾಟರಿ ಇತ್ತು. 2023ರಲ್ಲಿ ಎಚ್‌ಪಿಯವರು ಎನ್ವಿ ಮೂವ್ ತಂದರು. 23.8 ಇಂಚು, ಎತ್ತಿಕೊಂಡು ಹೋಗಲಿಕ್ಕೆ ಹಿಡಿಕೆಯೂ ಇದೆ. ಇಂಥವನ್ನು ಮಾರುವುದೇ ಬ್ಯಾಟರಿಯ ಹೆಸರಿನಲ್ಲಿ. ಅದೇ ಗುರುತು. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅಂತ ಡಬ್ಬದ ಮೇಲೆ ದೊಡ್ಡದಾಗಿ ಹೇಳಿಲ್ಲ ಅಂದರೆ ಒಳಗೆ ಬ್ಯಾಟರಿ ಇಲ್ಲ.

ಹಾಗಾದರೆ ಎಲ್ಲದರಲ್ಲೂ ಯಾಕೆ ಹಾಕುವುದಿಲ್ಲ? ಲ್ಯಾಪ್‌ಟಾಪಿನ ಬ್ಯಾಟರಿ ಸುಮಾರು 50 ವ್ಯಾಟ್-ಅವರ್ ಇರುತ್ತದೆ. 14-15 ಇಂಚಿನ ಪರದೆಗೆ ಅದು ಹಲವು ಗಂಟೆ ಬರುತ್ತದೆ. 27 ಇಂಚಿನ ಪರದೆಗೆ ಬೆಳಕು ಕೊಡುವುದೇ ದೊಡ್ಡ ಖರ್ಚು. ಅದೇ ಬ್ಯಾಟರಿ ಇಲ್ಲಿ ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ. ತೂಕ ಜಾಸ್ತಿ, ಬೆಲೆ ಜಾಸ್ತಿ. ಮೇಜು ಬಿಟ್ಟು ಅಲ್ಲಾಡದ ಯಂತ್ರಕ್ಕೆ ಅದು ಬೇಡ ಅಂತ ಕಂಪನಿಗಳ ಲೆಕ್ಕ.

ಆದ್ದರಿಂದ ಯುಪಿಎಸ್ ತಗೊಳ್ಳಿ. ದೊಡ್ಡದು ಬೇಡ, 600 ವಿಎ ಸಾಕು (ವಿಎ ಅಂದರೆ ಯುಪಿಎಸ್ ಹೊರುವ ಭಾರದ ಅಳತೆ). ಇಲ್ಲಿ ಆಲ್‌-ಇನ್‌-ಒನ್ ಪರವಾಗಿ ಒಂದು ಒಳ್ಳೆಯ ಮಾತು ಹೇಳಬೇಕು. ಅದು ಕರೆಂಟ್ ಕಡಿಮೆ ತಿನ್ನುವುದರಿಂದ ಅದೇ ಯುಪಿಎಸ್ ಮೇಲೆ ಡಬ್ಬಿ-ಮಾನಿಟರ್ ಜೋಡಿಗಿಂತ ಹೆಚ್ಚು ಹೊತ್ತು ನಡೆಯುತ್ತದೆ. ಬ್ಯಾಟರಿ ಹೊಸದಿದ್ದರೆ ಇಪ್ಪತ್ತು ನಿಮಿಷಕ್ಕೆ ಮೋಸವಿಲ್ಲ. ಫೈಲ್ ಉಳಿಸಿ, ಗಿರಾಕಿಗೆ ಮಾತು ಹೇಳಿ, ನೆಮ್ಮದಿಯಿಂದ ಬಂದ್ ಮಾಡಬಹುದು. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಚುಚ್ಚಬೇಡಿ. ಕಾಗದದ ಮೇಲೆ ಮಸಿ ಅಂಟಿಸಲು ಒಳಗೆ ಹೀಟರ್ ಇರುತ್ತದೆ. ಅದು ಹೊತ್ತಿಕೊಂಡಾಗ ಎಳೆಯುವ ಕರೆಂಟ್ ಸಣ್ಣ ಯುಪಿಎಸ್ ತಡೆದುಕೊಳ್ಳುವುದಿಲ್ಲ. ಯುಪಿಎಸ್ಸನ್ನು ಬಿಸಿಲು ಬೀಳುವ ಕಿಟಕಿ ಕೆಳಗೂ ಇಡಬೇಡಿ. ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ನಮ್ಮ ಏಪ್ರಿಲ್-ಮೇ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

"ಮನೆಗೆ ಇನ್ವರ್ಟರ್ ಐತಿ, ಸಾಕಲ್ಲ?" ಸಾಕಾಗಬಹುದು. ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್, ಇಕೋ ಅಥವಾ ನಾರ್ಮಲ್ ಮೋಡ್ ಅಂತ. ಅದನ್ನು ಯುಪಿಎಸ್ ಕಡೆ ಹಾಕಿ. ನಮ್ಮ ಎ.ಸಿ. ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ಕಂಪ್ಯೂಟರ್ ಉಸಿರು ಬಿಗಿಹಿಡಿದು ತಾಳುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಎದ್ದು ಬರುವುದು ಅದಕ್ಕಿಂತ ತಡ ಆಗಬಹುದು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಬಂದ್ ಆಗುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ನಿಮ್ಮಂಥ ಚಿಕ್ಕ ಕೌಂಟರಿಗೆ ಆಲ್‌-ಇನ್‌-ಒನ್ ಚೆನ್ನಾಗಿ ಹೊಂದುತ್ತದೆ. ಒಂದೇ ವೈರ್. ಕ್ಯಾಮೆರಾ, ಸ್ಪೀಕರ್, ಮೈಕ್, ವೈಫೈ ಎಲ್ಲ ಒಳಗೇ ಇರುತ್ತವೆ. ಸದ್ದು ಕಡಿಮೆ. ಗಿರಾಕಿ ಎದುರು ನಿಂತಾಗ ಪರದೆ ತಿರುಗಿಸಿ "ನೋಡ್ರಿ, ಹಿಂಗ ಬರ್ತದ" ಅಂತ ಪತ್ರಿಕೆ ತೋರಿಸಬಹುದು. ಬಿಲ್ಲು, ಟ್ಯಾಲಿ, ಪತ್ರಿಕೆಯ ವಿನ್ಯಾಸ, ಇವಕ್ಕೆಲ್ಲ ಅದರ ಶಕ್ತಿ ಸಾಕು. ಎಸ್‌ಎಸ್‌ಡಿ ಇರಲಿ, ರ್‍ಯಾಮ್ 16 ಜಿಬಿ ಇರಲಿ. ರ್‍ಯಾಮ್ ಆಮೇಲೆ ಹೆಚ್ಚಿಸಲು ಜಾಗ ಇದೆಯೋ, ಬೋರ್ಡಿಗೇ ಬೆಸುಗೆ ಹಾಕಿದ್ದಾರೋ ಅಂತ ಮೊದಲೇ ಕೇಳಿ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿಸೋಣ ಅನ್ನುವ ಆಸೆ ಇದ್ದರೆ ಈಗಲೇ ಬಿಡಿ, ಜಾಗವೇ ಇರುವುದಿಲ್ಲ.

ದೊಡ್ಡ ದೋಷ ಬೇರೆ ಇದೆ. ಇದರಲ್ಲಿ ಪರದೆಗೂ ಯಂತ್ರಕ್ಕೂ ಗಂಟು ಬಿದ್ದಿದೆ. ಒಂದು ಹೋದರೆ ಇನ್ನೊಂದೂ ಮೂಲೆ ಸೇರುತ್ತದೆ. ಮಾನಿಟರ್ ಹತ್ತು ವರ್ಷ ಬಾಳುತ್ತದೆ, ಕಂಪ್ಯೂಟರ್ ಅದಕ್ಕಿಂತ ಮೊದಲೇ ಹಳತಾಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಇದನ್ನು ಚೆನ್ನಾಗಿ ನೋಡಿದೆ. ಡಬ್ಬಿ ಇದ್ದವರು ಡಬ್ಬಿ ಬದಲಿಸಿದರು, ಮಾನಿಟರ್ ಹಾಗೇ ಇಟ್ಟುಕೊಂಡರು. ಹಳೇ ಆಲ್‌-ಇನ್‌-ಒನ್ ಇದ್ದವರು ಚಂದದ ಪರದೆ ನೋಡಿ ಹೊಟ್ಟೆ ಉರಿಸಿಕೊಂಡರು. "ಎಚ್‌ಡಿಎಂಐ ಐತಲ್ರಿ, ಅದಕ್ಕ ಬ್ಯಾರೆ ಕಂಪ್ಯೂಟರ್ ಜೋಡಿಸ್ರಿ" ಅಂದರು. ಆ ಕಿಂಡಿ ಹೆಚ್ಚಿನ ಯಂತ್ರಗಳಲ್ಲಿ ಚಿತ್ರ ಹೊರಗೆ ಕಳಿಸಲಿಕ್ಕೆ ಮಾತ್ರ, ಒಳಗೆ ತಗೊಳ್ಳುವುದಿಲ್ಲ. 'ಎಚ್‌ಡಿಎಂಐ ಇನ್' ಇರುವ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ. 27 ಇಂಚಿನ ಐಮ್ಯಾಕನ್ನು 2009ರಿಂದ ಮಾರುತ್ತಿದ್ದ ಆಪಲ್‌ನವರು 2022ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿದರು. ಅದೇ ತಿಂಗಳು 27 ಇಂಚಿನ ಪರದೆ ಬೇರೆ, ಕಂಪ್ಯೂಟರ್ ಬೇರೆ ಅಂತ ಮಾರಲು ಶುರು ಮಾಡಿದರು.

ರಿಪೇರಿಯೂ ಹಾಗೇ. ಡಬ್ಬಿಯಾದರೆ ಎರಡು ಸ್ಕ್ರೂ ತೆಗೆದು ಬ್ಲೋವರ್ ಹೊಡೆದರೆ ದೂಳು ಹೋಗುತ್ತದೆ. ಆಲ್‌-ಇನ್‌-ಒನ್ ಬಿಚ್ಚುವುದು ನಾಜೂಕಿನ ಕೆಲಸ, ಪರದೆಯ ಅಂಚಿಗೆ ಜೋರು ಬಿದ್ದರೆ ಕಥೆ ಮುಗಿಯಿತು. ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತದೆ. ಆ ಎಳೆ ಸಣ್ಣ ಫ್ಯಾನಿಗೆ ಸುತ್ತಿಕೊಂಡು ಯಂತ್ರ ಕಾದು ನಿಧಾನ ಆಗಿದ್ದನ್ನು ನೋಡಿದ್ದೇನೆ. ಅಲ್ಲಿಯವರು ಕೇಳಿದರೆ ನಾನು ಡಬ್ಬಿಯನ್ನೇ ಹೇಳುತ್ತೇನೆ. ನಿಮ್ಮ ಅಂಗಡಿಗೆ ಆ ತೊಂದರೆ ಇಲ್ಲ. ಗೋಡೆಗೆ ಒತ್ತಿ ಇಡಬೇಡಿ, ಅಷ್ಟೇ. ವಾರಂಟಿಯಲ್ಲಿ ಎಂಜಿನಿಯರ್ ನಿಮ್ಮ ಅಂಗಡಿಗೇ ಬರುತ್ತಾರೋ, ನೀವೇ ಹುಬ್ಬಳ್ಳಿಗೋ ಬೆಳಗಾವಿಗೋ ಹೊತ್ತುಕೊಂಡು ಹೋಗಬೇಕೋ ಅಂತ ಬರವಣಿಗೆಯಲ್ಲಿ ನೋಡಿ. ಡಬ್ಬ, ಥರ್ಮಾಕೋಲ್ ಎರಡನ್ನೂ ಅಟ್ಟದ ಮೇಲೆ ಇಟ್ಟುಕೊಳ್ಳಿ. ಅಷ್ಟು ದೊಡ್ಡ ಪರದೆಯನ್ನು ಬಸ್ಸಿನಲ್ಲಿ ಬೇರೆ ಹೇಗೂ ಸಾಗಿಸಲಾಗುವುದಿಲ್ಲ.

ನೀವು ಕೇಳದ ಒಂದು ಮಾತು ಇದೆ. ಕನ್ನಡ ಓದಲಿಕ್ಕೆ ಎಂಥ ಪರದೆ ಬೇಕು? ಇಂಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಪಿಕ್ಸೆಲ್ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಪಿಕ್ಸೆಲ್ ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಸಣ್ಣ ಚುಕ್ಕೆ. 22 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲೂ 1920 ಅಡ್ಡ, 1080 ಉದ್ದ. 27 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲೂ ಅಷ್ಟೇ. ಒಟ್ಟು 20 ಲಕ್ಷ 73 ಸಾವಿರದ 600 ಪಿಕ್ಸೆಲ್, ಒಂದೂ ಹೆಚ್ಚಿಲ್ಲ. ಕಾಳು ಅಷ್ಟೇ, ಹರಡಿದ ಚಾಪೆ ಮಾತ್ರ ದೊಡ್ಡದು. 24 ಇಂಚಿನದರಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಬಂದರೆ 27ರಲ್ಲಿ ಬರುವುದು 82. ಅಕ್ಷರ ದಪ್ಪಗೆ ಕಾಣುತ್ತದೆ, ಚೊಕ್ಕ ಆಗುವುದಿಲ್ಲ.

ಇಂಗ್ಲಿಷಿಗೆ ಇದು ಅಷ್ಟು ಬಾಧಿಸುವುದಿಲ್ಲ. ನಮ್ಮ ಲಿಪಿಗೆ ಬಾಧಿಸುತ್ತದೆ. ದ-ಧ, ಪ-ಫ, ಡ-ಢ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ರ ಮತ್ತು ಠ ನಡುವೆ ಇರುವುದು ಹೊಟ್ಟೆಯೊಳಗಿನ ಒಂದೇ ಚುಕ್ಕೆ. ಅದರ ಮೇಲೆ ಒತ್ತಕ್ಷರ. 'ಲಕ್ಷ್ಮಿ'ಯಲ್ಲಿ ಕ, ಅದಕ್ಕೆ ಷ, ಅದಕ್ಕೆ ಮ, ಜೊತೆಗೆ ಗುಡಿಸು, ಇಷ್ಟೂ ಒಂದೇ ಅಕ್ಷರದ ಜಾಗದಲ್ಲಿ ಕೂರಬೇಕು. 10 ಪಾಯಿಂಟ್ ಅಕ್ಷರಕ್ಕೆ ವಿಂಡೋಸ್ ಕೊಡುವ ಎತ್ತರ ಸುಮಾರು 13 ಪಿಕ್ಸೆಲ್. ಅಷ್ಟರಲ್ಲಿ ಒತ್ತುಗಳೆಲ್ಲ ಹಿಡಿಯಬೇಕು ಅಂದರೆ ಠ ಒಳಗಿನ ಚುಕ್ಕೆಗೆ ಉಳಿಯುವುದು ಒಂದು ಮಬ್ಬು ಪಿಕ್ಸೆಲ್. ಲಗ್ನಪತ್ರಿಕೆಯಲ್ಲಿ ನೆಂಟರ ಹೆಸರುಗಳ ಸಾಲು ಇಷ್ಟೇ ಸಣ್ಣದಾಗಿ ಬರುತ್ತದಲ್ಲ. ನಮ್ಮ ಕಡೆ ಮಠ ಅಂತ ಕೊನೆಯಾಗುವ ಅಡ್ಡಹೆಸರು ಎಷ್ಟಿವೆ! ಹಿರೇಮಠ ಹೋಗಿ ಹಿರೇಮರ ಆದದ್ದು ಪರದೆಯ ಮೇಲೆ ಕಾಣಲಿಲ್ಲ, ಐನೂರು ಪತ್ರಿಕೆ ಅಚ್ಚಾದ ಮೇಲೆ ಕಂಡಿತು ಅಂದರೆ ಆ ಮನೆಯವರ ಮುಖ ನೋಡುವುದು ಹೇಗೆ?

ಅದಕ್ಕೇ 27 ಇಂಚು ಬೇಕೇ ಬೇಕು ಅಂದರೆ 2560 ಅಡ್ಡ, 1440 ಉದ್ದ ಇರುವ ಪರದೆ ಕೇಳಿ. ಕ್ಯೂಎಚ್‌ಡಿ ಅಂತ ಕರೆಯುತ್ತಾರೆ. ಇಂಚಿಗೆ ಸುಮಾರು 109 ಪಿಕ್ಸೆಲ್ ಬರುತ್ತದೆ. ಡಿಸ್ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 125 ಪರ್ಸೆಂಟ್ ಮಾಡಿಕೊಂಡರೆ ಅಕ್ಷರ ಸಣ್ಣದೂ ಆಗುವುದಿಲ್ಲ, ಸೀಳು-ಚುಕ್ಕೆ ಎಲ್ಲ ಉಳಿಯುತ್ತವೆ. ಅದು ಕೈಗೆಟುಕದಿದ್ದರೆ ಫುಲ್ ಎಚ್‌ಡಿಯಲ್ಲಿ 24 ಇಂಚಿಗೇ ನಿಲ್ಲಿ, ಉಳಿದ ದುಡ್ಡು ಯುಪಿಎಸ್‌ಗೆ ಹಾಕಿ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪುಟ ತೆರೆದು 10 ಪಾಯಿಂಟಿನಲ್ಲಿ ಹಿರೇಮಠ, ಅದರ ಕೆಳಗೆ ಹಿರೇಮರ ಅಂತ ಟೈಪ್ ಮಾಡಿಸಿ. ಜೂಮ್ ನೂರಕ್ಕೇ ಇರಲಿ. ಕೌಂಟರಿನಲ್ಲಿ ನೀವು ಕೂರುವಷ್ಟೇ ದೂರ ಕೂತು ಓದಿ ನೋಡಿ. ಎರಡೂ ಒಂದೇ ಥರ ಕಂಡರೆ ಆ ಪರದೆ ನಿಮ್ಮ ಕೆಲಸಕ್ಕೆ ಬೇಡ.