ಬೆಟ್ಟದ ಆಚೆಗೆ ದನಿ ದಾಟಿಸೋದು ಹೇಗೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹೆಮ್ಮೆತ್ತಾಳು ಕಡೆ ಬೆಟ್ಟ ಜಾರಿದಾಗ ಕರೆಂಟ್ ಹೋಗಿತ್ತು. ಎಷ್ಟೋ ಕಡೆ ಮೊಬೈಲ್‌ಗೆ ರೇಂಜೂ ಇರಲಿಲ್ಲ. ಯಾವ ರಸ್ತೆ ಉಳಿದಿದೆ, ಪರಿಹಾರ ಕೇಂದ್ರ ಎಲ್ಲಿದೆ ಅನ್ನೋದು ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು. ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿದ ಜಾಗದಲ್ಲಿದ್ದವರಿಗೇ ಅದು ಸಿಗುತ್ತಿರಲಿಲ್ಲ. ನೆಟ್‌ನಲ್ಲಿ ಬರುವ ದನಿಯನ್ನು ಊರಿನ ಒಂದು ಪುಟ್ಟ ಎಫ್‌ಎಂ ಪೆಟ್ಟಿಗೆಯಿಂದ ಹರಡಿದರೆ ಆಗಲ್ವಾ? ಮಳೆಗಾಲ ಬಂದಾಗಲೆಲ್ಲ ನನಗೆ ಇದೇ ಪ್ರಶ್ನೆ.

ಕೆಲಸ ಕಷ್ಟದ್ದಲ್ಲ. ನೆಟ್ ಸಿಗುವ ಜಾಗದಲ್ಲಿ ಒಂದು ಫೋನ್, ಅದಕ್ಕೆ ಸಿಕ್ಕಿಸಿದ ಕೆಲವೇ ವಾಟ್‌ನ ಟ್ರಾನ್ಸ್‌ಮಿಟರ್, ಮರದ ಮೇಲೆ ಆಂಟೆನಾ. ಎಫ್‌ಎಂ ಅಲೆ ನೇರ ದಾರಿಯಲ್ಲೇ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಗುಡ್ಡ ದಾಟಿಸೋದು ನೆಟ್‌ನ ಕೆಲಸ. ಆಚೆ ಕಣಿವೆಯ ಟ್ರಾನ್ಸಿಸ್ಟರ್ ಮುಟ್ಟೋದು ಪುಟ್ಟ ರೇಡಿಯೋದ ಕೆಲಸ.

ಅಡ್ಡಿ ಇರೋದು ಕಾನೂನಿನಲ್ಲಿ. 1885ರ ಟೆಲಿಗ್ರಾಫ್ ಕಾಯ್ದೆಯಿಂದ 2023ರ ದೂರಸಂಪರ್ಕ ಕಾಯ್ದೆವರೆಗೆ ಮಾತು ಒಂದೇ: ಅನುಮತಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ.

ಹೊರದೇಶಗಳಲ್ಲಿ ಜನ ಈ ಗೋಡೆಗೆ ಮೊದಲೇ ಕೈ ಹಾಕಿದ್ದರು. 1993ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸ್ಟೀಫನ್ ಡನಿಫರ್ ಅನ್ನುವವರು ಬೆನ್ನಚೀಲದಲ್ಲಿ ಟ್ರಾನ್ಸ್‌ಮಿಟರ್ ಹೊತ್ತು ಗುಡ್ಡ ಹತ್ತಿ ಪ್ರಸಾರ ಮಾಡುತ್ತಿದ್ದರು. ಪರವಾನಗಿ ಇರಲಿಲ್ಲ. 2000ದಲ್ಲಿ ಅದೇ ದೇಶ 100 ವಾಟ್‌ವರೆಗಿನ ಸಣ್ಣ ಎಫ್‌ಎಂಗೆ ಬಾಗಿಲು ತೆರೆಯಿತು. 1996ರ ಡಿಸೆಂಬರ್‌ನಲ್ಲಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಬೀದಿಗಳಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದಾಗ ಬಿ92 ಎಂಬ ರೇಡಿಯೋ ಕೇಂದ್ರದ ಪ್ರಸಾರ ನಿಂತಿತು. ಅವರು ದನಿಯನ್ನು ಇಂಟರ್‌ನೆಟ್‌ಗೆ ಬಿಟ್ಟರು. ವಿದೇಶಿ ಕೇಂದ್ರಗಳು ಅದನ್ನು ಎತ್ತಿಕೊಂಡು ಮತ್ತೆ ರೇಡಿಯೋ ಅಲೆಯಲ್ಲಿ ಸರ್ಬಿಯಾಕ್ಕೇ ಕಳಿಸಿದವು. ಬಾಯಿ ಮುಚ್ಚಿಸಿದ ಊರಿಗೆ ಅದರದ್ದೇ ದನಿ ಸುತ್ತು ಹಾಕಿಕೊಂಡು ಮನೆಗೆ ಬಂತು.

ನಮ್ಮಲ್ಲಿ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರೇಡಿಯೋ ತರಂಗ ಸಾರ್ವಜನಿಕರ ಆಸ್ತಿ ಎಂದಿತು. ಆದರೂ ಹಳ್ಳಿಯ ಕೈಗೆ ಅದು ಬರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕಾಯುತ್ತಾ ಕೂರಲಿಲ್ಲ. ಗಾಳಿಯಲ್ಲಿ ಬಿಡುವಂತಿಲ್ಲ ತಾನೇ, ಕೇಬಲ್ ತಂತಿಯಲ್ಲೇ ‘ನಮ್ಮ ಧ್ವನಿ’ಯನ್ನು ಮನೆಮನೆಗೆ ಹರಿಸಿದರು. ಊರಿನವರೇ ಮಾತಾಡಿದರು, ಊರಿನವರೇ ಕೇಳಿದರು. ನನಗೆ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾಗೋದು ಈ ತಂತಿಯ ಕತೆ.

2002ರಲ್ಲಿ ಕಾಲೇಜುಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಅನುಮತಿ ಸಿಕ್ಕಿತು. ಆದರೆ ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಮರುಪ್ರಸಾರ ಮಾಡಬಹುದು. ಅನುಮತಿಗೆ ಕಚೇರಿಯಿಂದ ಕಚೇರಿಗೆ ಅಲೆದಾಟ ಬೇರೆ. ನೆಟ್‌ನಲ್ಲಾದರೆ ತರಂಗದ ಪರವಾನಗಿಯೇ ಬೇಡ. ಅದೇ ಮಾತು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು.

ನಿಯಮವೇ ಬೇಡ ಅಂತಲ್ಲ. ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಅಲ್ಲಿಂದಲೇ ವಿಮಾನಗಳು ಬಳಸುವ ಅಲೆ ಶುರು. ಕೆಟ್ಟದಾಗಿ ಕಟ್ಟಿದ ಪೆಟ್ಟಿಗೆ ಅಲ್ಲಿಗೆ ನುಗ್ಗಬಹುದು. ಪರೀಕ್ಷೆ ಮಾಡಿದ ಒಂದೆರಡು ವಾಟ್‌ನ ಪೆಟ್ಟಿಗೆಗೆ, ಮಳೆಗಾಲದ ನಾಲ್ಕು ತಿಂಗಳಿಗಾದರೂ, ಪಂಚಾಯಿತಿ ಮಟ್ಟದಲ್ಲೇ ಅನುಮತಿ ಕೊಡಲು ಏನು ಕಷ್ಟ?

ನಾನು ನೋಡಿದ ಒಂದು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಕಿಟಕಿಯಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿದ ಟ್ರಾನ್ಸಿಸ್ಟರ್ ಇದೆ, ಥಂಡಿ ಹಿಡಿಯದಿರಲಿ ಅಂತ. ಆಂಟೆನಾ ಮುರಿದು, ಆ ಜಾಗಕ್ಕೆ ತಂತಿ ಕಟ್ಟಿದ್ದಾರೆ. ಮಡಿಕೇರಿ ಆಕಾಶವಾಣಿ ಚೆನ್ನಾಗಿ ಬರುತ್ತದೆ. ಮನೆಯ ಹಿಂದಿನ ಬರೆಯಲ್ಲಿ ಬಿರುಕು ಬಿಟ್ಟಿದೆ ಅನ್ನೋದನ್ನು ಇಲ್ಲಿನ ಎರವ ಬುಡಕಟ್ಟಿನವರ ಭಾಷೆಯಲ್ಲಿ ಹೇಳುವ ದನಿಗೆ ಆ ರೇಡಿಯೋದ ಮುಳ್ಳು ಓಡಾಡುವ ಪಟ್ಟಿಯ ಮೇಲೆ ಇನ್ನೂ ಜಾಗ ಇಲ್ಲ.