ನಾಯಿಮರಿ ಕಕ್ಕಿದಾಗ ಮೊದಲ ಪ್ರಶ್ನೆ: ಹೊಟ್ಟೆ ಹಿಂಡಿತೇ?

ಬಹಳ ದಿನ ನಾನು ಬಾಯಿಂದ ಹೊರಬಿದ್ದದ್ದೆಲ್ಲ ವಾಂತಿಯೇ ಎಂದುಕೊಂಡಿದ್ದೆ. ವಾಂತಿಗೆ ಮುನ್ನ ಮರಿ ಜೊಲ್ಲು ಸುರಿಸಿ ಚಡಪಡಿಸುತ್ತದೆ, ಹೊಟ್ಟೆ ಹಿಂಡಿ ಹಿಂಡಿ ಕಕ್ಕುತ್ತದೆ. ಹಳದಿ ಪಿತ್ತವೂ ಬರಬಹುದು. ಒದ್ದಾಟವಿಲ್ಲದೆ, ತಲೆ ಬಗ್ಗಿಸಿದೊಡನೆ ತಿಂದದ್ದು ಹಾಗೆಯೇ ಜಾರಿ ಬಿದ್ದರೆ ಅದು ಜಠರದ್ದಲ್ಲ, ಅನ್ನನಾಳದ ತೊಂದರೆ. ತಾಯಿಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಹೊರಳುವಾಗಲೇ ಇದು ಶುರುವಾದರೆ, ಹುಟ್ಟಿನಿಂದಲೇ ಹೃದಯದ ಬಳಿಯ ರಕ್ತನಾಳ ಅನ್ನನಾಳವನ್ನು ಬಿಗಿದಿರಬಹುದು.

ನಿಜವಾದ ವಾಂತಿಗೆ ಕಾರಣಗಳು ಹಲವು. ಶಾವಿಗೆಯಂಥ ಬಿಳಿ ಹುಳು ಬಿದ್ದರೆ ಅದು ದುಂಡುಹುಳು. ಈ ಸೋಂಕು ತಾಯಿಯ ಗರ್ಭದಲ್ಲಿಯೇ ಅಂಟುವುದರಿಂದ ಎರಡನೆಯ ವಾರಕ್ಕೇ ಜಂತುನಾಶಕ ಶುರುಮಾಡುತ್ತಾರೆ. ಮಾವಿನ ಗೊರಟೆಯೋ ಕಾಲುಚೀಲವೋ ಕರುಳಿಗೆ ಸಿಕ್ಕಿಕೊಂಡರೆ ನೀರೂ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಅಂಜಬೇಕಾದದ್ದು ಪಾರ್ವೊ. 1978ರ ಹೊತ್ತಿಗೆ ಜಗತ್ತಿಗೆ ಪರಿಚಯವಾದ ಈ ವೈರಸ್ ವೇಗವಾಗಿ ವಿಭಜಿಸುವ ಜೀವಕೋಶಗಳನ್ನೇ ಹುಡುಕುತ್ತದೆ: ಕರುಳಿನ ಒಳಪದರ, ಮೂಳೆಮಜ್ಜೆ. ಹಾಗಾಗಿ ಒಂದೆಡೆ ಕರುಳಿನ ಒಳಪದರ ಕಿತ್ತುಹೋಗಿ ರಕ್ತಭೇದಿ, ಇನ್ನೊಂದೆಡೆ ಬಿಳಿರಕ್ತಕಣಗಳ ಕುಸಿತ. ಆರು ವಾರದಿಂದ ಆರು ತಿಂಗಳೊಳಗಿನ, ಲಸಿಕೆ ಮುಗಿಯದ ಮರಿ ಮಂಕಾಗಿ ಊಟ ಬಿಟ್ಟು ಕಕ್ಕುತ್ತಿದ್ದರೆ ಭೇದಿ ಶುರುವಾಗಲಿ ಎಂದು ಕಾಯಬಾರದು. ‘ಒಂದು ಲಸಿಕೆ ಆಗಿದೆಯಲ್ಲ’ ಎಂಬ ಸಮಾಧಾನವೂ ಸಲ್ಲದು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಲಸಿಕೆಯನ್ನು ಹುಸಿಮಾಡಬಲ್ಲವು. ಆದ್ದರಿಂದಲೇ ಮರಿಗೆ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಕೊಡುವುದು.

ಒಮ್ಮೆ ಕಕ್ಕಿ ಮತ್ತೆ ಬಾಲ ಅಲ್ಲಾಡಿಸುತ್ತ ಆಡುವ ಮರಿಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಆಮೇಲೆ ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ ಮತ್ತು ಮೆತ್ತನೆಯ ಅನ್ನ. ದೊಡ್ಡ ನಾಯಿಯಂತೆ ದಿನವಿಡೀ ಉಪವಾಸ ಕೆಡವಬೇಡಿ, ಎಳೆಯ ಮರಿಯ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ‘ಪಾಪ, ಹಾಲು ಕೊಡೋಣ’ ಎಂಬ ಮನೆಯವರ ಕರುಣೆ ಭೇದಿಯನ್ನು ಹೆಚ್ಚಿಸೀತು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ.

ಒಸಡನ್ನು ಒತ್ತಿ ಬಿಡಿ: ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳದಿದ್ದರೆ, ಒಸಡು ಒಣಗಿ ಅಂಟಂಟಾಗಿದ್ದರೆ, ಪದೇ ಪದೇ ವಾಂತಿಯಾದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ ಕೂಡಲೇ ಪಶುವೈದ್ಯರ ಬಳಿ ಒಯ್ಯಬೇಕು. ಕಕ್ಕಿದ್ದರ ಫೋಟೊ ಮೊಬೈಲ್‌ನಲ್ಲಿರಲಿ.

ಪಾರ್ವೊ ಎಂದು ಖಚಿತವಾದರೆ ನೆಲದ ಮಾತೂ ಇದೆ. ಸಾಮಾನ್ಯ ಫಿನೈಲನ್ನು ನಂಬಬೇಡಿ. ಕೊಳೆ ತೊಳೆದ ಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಅಂಗಳದ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ಅಲ್ಲಿಗೆ ತರಬಾರದು.