ಟೇಪ್ ಹಚ್ಚಬೇಡಿ, ಬೈಂಡಿಂಗ್‌ಗೆ ಕೊಡಿ

ನಮ್ಮ ಲೈಬ್ರರಿಗೆ ಬರುವ ಓದುಗರಲ್ಲಿ ಪುಸ್ತಕದ ಮೇಲೆ ತುಂಬಾ ಪ್ರೀತಿ ಇರುವವರೇ ಒಂದು ತಪ್ಪು ಮಾಡುತ್ತಾರೆ. ಹಾಳೆ ಹರಿದಿದ್ದರೆ ಮನೆಯಲ್ಲೇ ಸೆಲ್ಲೋಟೇಪ್ ಹಚ್ಚಿ ತಂದುಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ವರ್ಷ ಕಳೆದ ಮೇಲೆ ಟೇಪಿನ ಪ್ಲಾಸ್ಟಿಕ್ ಒಣಗಿ ಕಳಚಿಕೊಳ್ಳುತ್ತದೆ, ಅಂಟು ಮಾತ್ರ ಕಾಗದಕ್ಕೆ ಇಳಿದು ಕಂದು ಪಟ್ಟೆಯಾಗಿ ಉಳಿಯುತ್ತದೆ, ಆಮೇಲೆ ಅದನ್ನು ತೆಗೆಯೋಕೆ ಹೋದರೆ ಅಕ್ಷರವೂ ಜೊತೆಗೆ ಕಿತ್ತು ಬರುತ್ತದೆ. ಹರಿದ ಚೂರನ್ನು ಪುಸ್ತಕದೊಳಗೇ ಇಟ್ಟು ನಮಗೆ ಹೇಳಿ, ಸಾಕು. ತೆಳು ಕಾಗದ, ಮೈದಾ ಅಂಟು, ಒಂದಿಷ್ಟು ತಾಳ್ಮೆ ಇದ್ದರೆ ಆ ಹಾಳೆ ಉಳಿಯುತ್ತದೆ. ಹಳೆ ಕಾಲದ ಬೈಂಡರ್‌ಗಳು ಅಂಟಿಗೆ ಚೂರು ಮೈಲುತುತ್ತ ಸೇರಿಸುತ್ತಿದ್ದರು, ಹುಳ ಬಾರದಿರಲಿ ಅಂತ.

ಮಲೆನಾಡು, ಕರಾವಳಿ ಕಡೆಯ ದೊಡ್ಡ ಶತ್ರು ಬೂಷ್ಟು. ಗಾಜಿನ ಬೀರುವಿಗೆ ಬೀಗ ಹಾಕಿದರೆ ಪುಸ್ತಕ ಭದ್ರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮಳೆಗಾಲದಲ್ಲಿ ಗಾಳಿಯಾಡದ ಬೀರುವೇ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ. ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಪುಸ್ತಕಗಳನ್ನು ತುರುಕದೆ ಸಡಿಲವಾಗಿ ನಿಲ್ಲಿಸಿ, ಬಿಸಿಲು ಬಿದ್ದ ದಿನ ಕಿಟಕಿ ತೆಗೆದರೆ ಅರ್ಧ ಕೆಲಸ ಆದ ಹಾಗೆ. ಇದಕ್ಕೆ ಖರ್ಚೇ ಇಲ್ಲ.

ಜಾಗ ಸಾಲದಾಗ ಪುಸ್ತಕ ತೆಗೆದುಹಾಕಲೇಬೇಕಾಗುತ್ತದೆ, ಅದು ತಪ್ಪಲ್ಲ. ಹತ್ತು ವರ್ಷ ಹಳೆಯ ಪರೀಕ್ಷಾ ಗೈಡುಗಳು ಹೋಗಲಿ. ಆದರೆ ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ಊರಿನ ಮೇಷ್ಟರು ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ ಸ್ಥಳಪುರಾಣ, ನಿಂತುಹೋದ ಪತ್ರಿಕೆಯ ಸಂಪುಟ, ಇವನ್ನು ‘ಯಾರೂ ಮುಟ್ಟಿಲ್ಲ’ ಅಂತ ರದ್ದಿಗೆ ಹಾಕಿದರೆ ಮತ್ತೆ ಸಿಗಲ್ಲ. ಇವು ಮರುಮುದ್ರಣ ಆಗುವುದಿಲ್ಲ, ಇಂಟರ್‌ನೆಟ್‌ನಲ್ಲೂ ಬಹುಪಾಲು ಇಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲೇ ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ ಅಂತ ನಿಯಮ ಬರೆದಿಟ್ಟರು. ಆ ಓದುಗ ಇಪ್ಪತ್ತು ವರ್ಷ ತಡವಾಗಿಯೂ ಬರಬಹುದು, ಅಲ್ವಾ? ಊರ ಕೆರೆಯ ಇತಿಹಾಸ ಹುಡುಕುವ ವಿದ್ಯಾರ್ಥಿಗೆ ಬೇಕಾಗುವುದು ಇಂಥದ್ದೇ ಪುಸ್ತಕ.

ದುಡ್ಡಿನ ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ, ಈಗ ಅದು ತೆರಿಗೆಯ ಶೇ 6. ನಿಮ್ಮ ರಸೀದಿಯಲ್ಲಿ ಆ ಸಾಲು ಹುಡುಕಿ ನೋಡಿ. ಲೈಬ್ರರಿ ಯಾರೋ ಕೊಡುವ ದಾನ ಅಲ್ಲ, ನಾವೇ ದುಡ್ಡು ಕೊಟ್ಟು ನಡೆಸುತ್ತಿರುವುದು. ಹೊಸ ಪುಸ್ತಕ ಖರೀದಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬೈಂಡಿಂಗ್ ಬಗ್ಗೆ ಕೇಳುವವರು ಕಡಿಮೆ. ನನಗೆ ಬೇಜಾರಾಗುವುದು ಇದೇ. ಕೇಳುವವರಿಲ್ಲದ ಖರ್ಚನ್ನೇ ಮೊದಲು ಕತ್ತರಿಸುತ್ತಾರೆ.

ಹಾಗಾಗಿ ಮುಂದಿನ ಸಲ ಪುಸ್ತಕ ವಾಪಸ್ ಕೊಡುವಾಗ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ಈ ವರ್ಷ ಎಷ್ಟು ಪುಸ್ತಕ ಬೈಂಡಿಂಗ್‌ಗೆ ಹೋದವು, ನಮ್ಮ ಊರಿನ ಬಗ್ಗೆ ಇರುವ ಪುಸ್ತಕಗಳು ಯಾವ ರ‍್ಯಾಕಿನಲ್ಲಿವೆ? ಉತ್ತರ ಸಿಗದಿದ್ದರೆ ಸಲಹಾ ಪುಸ್ತಕದಲ್ಲಿ ಬರೆಯಿರಿ. ಬರಹದಲ್ಲಿ ಇದ್ದರೆ ನಾವು ಮೇಲಿನವರಿಗೆ ತೋರಿಸಿ ಕೇಳುವುದು ಸುಲಭ.